ಎರಡು ಪಾಠ, ಒಂದೇ ಲೆಕ್ಕ: ಇತಿಹಾಸದ ಪಠ್ಯ ಬರೆಯುವವರಿಗೆ ಒಂದು ಬಹಿರಂಗ ಪತ್ರ

ಮಾನ್ಯರೇ,

ಹೈಸ್ಕೂಲಿನ ಇತಿಹಾಸ ಪುಸ್ತಕ ಬರೆಯುವವರು ಬೇರೆ, ಅದರ ಮೇಲೆ ಪ್ರಶ್ನೆಪತ್ರಿಕೆ ತೆಗೆಯುವವರು ಬೇರೆ, ಸರ್ಕಾರಿ ಕೆಲಸದ ಪರೀಕ್ಷೆಗೆ ಸಾಮಾನ್ಯ ಜ್ಞಾನದ ಪ್ರಶ್ನೆ ಹೊಂದಿಸುವವರು ಬೇರೆ. ಗೊತ್ತು. ಆದರೂ ಮೂರೂ ಮಂದಿಗೆ ಒಂದೇ ಪತ್ರ ಬರೆಯುತ್ತಿದ್ದೇನೆ. ಮೂರೂ ಕಡೆಯಿಂದ ಬರುವ ಕಾಗದ ಕೊನೆಗೆ ಬಂದು ಬೀಳುವುದು ನನ್ನಂಥ ಸಮಾಜ ವಿಜ್ಞಾನದ ಮೇಷ್ಟ್ರ ಮೇಜಿನ ಮೇಲೆ.

ವಿಷಯ: ಅಮೆರಿಕದ ಇತಿಹಾಸ ಮತ್ತು ಫ್ರಾನ್ಸಿನ ಇತಿಹಾಸವನ್ನು ಒಂದಕ್ಕೊಂದು ಸಂಬಂಧವೇ ಇಲ್ಲದ ಎರಡು ಪಾಠಗಳಂತೆ ಕಲಿಸುವುದನ್ನು ನಿಲ್ಲಿಸಿ ಎಂಬ ಕೋರಿಕೆ.

'ಹೊಂದಿಸಿ ಬರೆಯಿರಿ' ಅಂತ ಒಂದು ಪ್ರಶ್ನೆ ಇರುತ್ತದಲ್ಲ, ಅಲ್ಲಿಂದಲೇ ಶುರು ಮಾಡುತ್ತೇನೆ. ಎಡಗಡೆ ಬಾಸ್ಟಿಲ್, ಯಾರ್ಕ್‌ಟೌನ್, ವರ್ಸೇಲ್ಸ್, ನ್ಯೂ ಡೀಲ್, ಮಾರ್ಷಲ್ ಯೋಜನೆ. ಬಲಗಡೆ ಇಸವಿ, ಹೆಸರು. ಮಕ್ಕಳು ಎರಡು ನಿಮಿಷದಲ್ಲಿ ಗೆರೆ ಎಳೆದು ಮುಗಿಸುತ್ತಾರೆ. ಹೆಸರು ಗೊತ್ತಿರಬಾರದು ಅಂತ ನಾನು ಹೇಳುತ್ತಿಲ್ಲ. ಹೆಸರು ಬೇಕು, ಇಸವಿಯೂ ಬೇಕು. ಆದರೆ ಪೂರ್ತಿ ಅಂಕ ತೆಗೆದ ಹುಡುಗಿಯನ್ನು ನಿಲ್ಲಿಸಿ, "ಅಮೆರಿಕದ ಯುದ್ಧ ಮುಗಿದದ್ದು 1783ರಲ್ಲಿ, ಪ್ಯಾರಿಸಿನ ಬಾಸ್ಟಿಲ್ ಸೆರೆಮನೆ ಬಿದ್ದದ್ದು 1789ರಲ್ಲಿ. ನಡುವೆ ಬರೀ ಆರು ವರ್ಷ. ಏನಾದರೂ ಸಂಬಂಧ ಇದೆಯಾ?" ಅಂತ ಕೇಳಿ ನೋಡಿ. "ಅದು ಬೇರೆ ಪಾಠ ಸಾರ್" ಅನ್ನುತ್ತಾಳೆ. ತಪ್ಪು ಅವಳದಲ್ಲ.

ಒಂದು ಪಾಸ್‌ಬುಕ್ಕಿನ ಜಮಾ ಪುಟವನ್ನು ಹರಿದು ಒಬ್ಬರಿಗೆ, ಖರ್ಚಿನ ಪುಟವನ್ನು ಇನ್ನೊಬ್ಬರಿಗೆ ಕೊಟ್ಟಂತಾಗಿದೆ ನಮ್ಮ ಕಲಿಸುವ ರೀತಿ.

ಖರ್ಚಿನ ಪುಟ ಹೀಗಿದೆ ನೋಡಿ. 1763ರಲ್ಲಿ ಏಳು ವರ್ಷಗಳ ಯುದ್ಧ ಮುಗಿದಾಗ ಫ್ರಾನ್ಸ್ ಕೆನಡಾವನ್ನು ಬ್ರಿಟನ್ನಿಗೆ ಬಿಟ್ಟುಕೊಟ್ಟಿತ್ತು. ಗೆದ್ದ ಬ್ರಿಟನ್ ಕೂಡ ಸಾಲದಲ್ಲಿ ಮುಳುಗಿತ್ತು. ಆ ಸಾಲ ತೀರಿಸಲು ಅಮೆರಿಕದ ವಸಾಹತುಗಳ ಮೇಲೆ ತೆರಿಗೆ ಹಾಕಿತು. 1765ರ ಸ್ಟಾಂಪ್ ಕಾಯಿದೆ, ಆಮೇಲೆ ಚಹಾ, ಆಮೇಲೆ ಬಾಸ್ಟನ್ ಬಂದರಿನ ಗಲಾಟೆ. ಇಷ್ಟನ್ನು ನಮ್ಮ ಮಕ್ಕಳು ಓದುತ್ತಾರೆ. ಇದರಾಚೆಗಿನದ್ದನ್ನು ಒಂದೇ ಸಾಲಿನಲ್ಲಿ ಹಾರಿಸುತ್ತೇವೆ: "ಫ್ರಾನ್ಸ್ ಅಮೆರಿಕನ್ನರಿಗೆ ನೆರವಾಯಿತು." ನೆರವು ಅಂದರೆ ಎಷ್ಟು? ದುಡ್ಡು ಎಲ್ಲಿಂದ ಬಂತು?

1776ರಲ್ಲೇ ಫ್ರಾನ್ಸಿನ ವಿದೇಶ ಮಂತ್ರಿ ವೆರ್ಜೆನ್ ಗುಟ್ಟಾಗಿ ಹತ್ತು ಲಕ್ಷ ಲಿವ್ರ್ (ಆಗಿನ ಫ್ರೆಂಚ್ ನಾಣ್ಯ) ಕೊಡಿಸಿದ. ಅದಕ್ಕೊಂದು ಸುಳ್ಳು ವ್ಯಾಪಾರದ ಕಂಪನಿ ಹುಟ್ಟಿಕೊಂಡಿತು. ಅದನ್ನು ನಡೆಸಿದವನು ಬೋಮಾರ್ಶೆ, ಗಡಿಯಾರ ತಯಾರಿಸುವ ಮನೆಯಲ್ಲಿ ಹುಟ್ಟಿ ನಾಟಕಕಾರನಾಗಿ ಹೆಸರು ಮಾಡಿದವನು. ಅಮೆರಿಕನ್ನರು ಮೊದಲ ವರ್ಷಗಳಲ್ಲಿ ಸುಟ್ಟ ಕೋವಿಮದ್ದಿನ ಬಹುಪಾಲು ಹೊರಗಿನಿಂದ, ಅದರಲ್ಲೂ ಫ್ರಾನ್ಸಿನ ಕಡೆಯಿಂದ ಬಂದದ್ದು. ಹಣಕಾಸು ನೋಡುತ್ತಿದ್ದ ಟರ್ಗೋ ಬೇಡ ಅಂದಿದ್ದ. ಯುದ್ಧಕ್ಕೆ ಇಳಿದರೆ ಖಜಾನೆ ಸರಿಮಾಡುವ ಅವಕಾಶವೇ ಹೋಗುತ್ತದೆ ಅನ್ನುವುದು ಅವನ ವಾದ. ಅದೇ ವರ್ಷ ಮೇ ತಿಂಗಳಲ್ಲಿ ಅವನ ಕೆಲಸ ಹೋಯಿತು. 1777ರ ಅಕ್ಟೋಬರಿನಲ್ಲಿ ಅಮೆರಿಕದ ಸಾರಟೋಗದಲ್ಲಿ ಬ್ರಿಟಿಷ್ ಸೇನೆ ಶರಣಾಯಿತು. 1778ರ ಫೆಬ್ರವರಿ 6ಕ್ಕೆ ಫ್ರಾನ್ಸ್ ಅಮೆರಿಕನ್ನರ ಜತೆ ಒಪ್ಪಂದಕ್ಕೆ ಸಹಿ ಹಾಕಿತು. ರಾಜನೊಬ್ಬ ರಾಜನಿಲ್ಲದ ದೇಶವನ್ನು ಕಟ್ಟಲು ದುಡ್ಡು ಸುರಿದ. ತಮಾಷೆಯೇ ಅಲ್ವಾ?

ಆಮೇಲೆ ಹಣಕಾಸು ನೋಡಲು ಬಂದ ನೆಕ್ಕರ್ ಹೊಸ ತೆರಿಗೆ ಹಾಕಲಿಲ್ಲ. ಸಾಲ ಎತ್ತಿದ. ಜಾಸ್ತಿ ಬಡ್ಡಿಯ ಸಾಲ. 1781ರಲ್ಲಿ ಅವನು ಜನರ ಮುಂದೆ ಇಟ್ಟ ಲೆಕ್ಕಪತ್ರದಲ್ಲಿ ಖಜಾನೆಯಲ್ಲಿ ಉಳಿತಾಯವೇ ಇತ್ತು! ಯುದ್ಧದ ಖರ್ಚನ್ನು ಅದರಲ್ಲಿ ಸೇರಿಸಿರಲೇ ಇಲ್ಲ, ಅಷ್ಟೇ. ಅದೇ ವರ್ಷದ ಅಕ್ಟೋಬರ್ 19ಕ್ಕೆ ಅಮೆರಿಕದ ಯಾರ್ಕ್‌ಟೌನಿನಲ್ಲಿ ಬ್ರಿಟಿಷ್ ಸೇನಾಪತಿ ಕಾರ್ನ್‌ವಾಲಿಸನ ಸೇನೆ ಆಯುಧ ಕೆಳಗಿಟ್ಟಿತು. ಸಮುದ್ರದಲ್ಲಿದ್ದ ನಾವಿಕರನ್ನೂ ಸೇರಿಸಿ ಎಣಿಸಿದರೆ ಆ ದಿನ ಅಲ್ಲಿ ಅಮೆರಿಕನ್ನರಿಗಿಂತ ಫ್ರೆಂಚರೇ ಜಾಸ್ತಿ. ಕಾರ್ನ್‌ವಾಲಿಸ್ ಮೈ ಸರಿಯಿಲ್ಲ ಅಂತ ತಾನು ಬರದೆ ಓಹಾರಾ ಎಂಬ ಅಧಿಕಾರಿಯನ್ನು ಕಳಿಸಿದ. ಓಹಾರಾ ಕತ್ತಿಯನ್ನು ಮೊದಲು ಒಪ್ಪಿಸಲು ಹೋದದ್ದು ಫ್ರೆಂಚ್ ಸೇನಾಪತಿ ರೋಶಾಂಬೋಗೆ. ಅವನು ವಾಷಿಂಗ್ಟನ್ ಕಡೆ ಕೈ ತೋರಿಸಿದ.

ಇಲ್ಲಿ ಒಂದು ಮಾತು. ಈ ಯುದ್ಧವನ್ನು 'ಎಲ್ಲೋ ದೂರದ್ದು' ಅಂತ ಕಲಿಸುವ ಅಗತ್ಯವೇ ನಮಗಿಲ್ಲ. ಫ್ರಾನ್ಸ್ ಯುದ್ಧಕ್ಕೆ ಇಳಿದ ಸುದ್ದಿ ಬಂದ ಮೇಲೆಯೇ ಬ್ರಿಟಿಷರು ಇಲ್ಲಿನ ಫ್ರೆಂಚ್ ನೆಲೆಗಳ ಮೇಲೆ ಬಿದ್ದು ಪಾಂಡಿಚೇರಿ ಹಿಡಿದರು, 1779ರಲ್ಲಿ ಮಾಹೆ ಹಿಡಿದರು. ಮಾಹೆ ಹೈದರಾಲಿಗೆ ಆಯುಧ ಬರುತ್ತಿದ್ದ ಬಂದರು. ಅದು ತನ್ನ ರಕ್ಷಣೆಯಲ್ಲಿದೆ ಅಂತ ಅವನು ಮೊದಲೇ ಹೇಳಿದ್ದ. 1780ರಲ್ಲಿ ಅವನು ಕರ್ನಾಟಿಕ್ (ಆರ್ಕಾಟು ನವಾಬನ ಸೀಮೆ) ಮೇಲೆ ಬಿದ್ದ. ನಾವು ಬೇರೆ ಪಾಠದಲ್ಲಿ ಎರಡನೇ ಮೈಸೂರು ಯುದ್ಧ ಅಂತ ಓದುವುದು ಇದನ್ನೇ. ಆ ಹೊತ್ತಿಗೆ ಅಮೆರಿಕದಲ್ಲಿ ಪೆನ್ಸಿಲ್ವೇನಿಯಾದವರು ತಮ್ಮ ಒಂದು ಯುದ್ಧನೌಕೆಗೆ ಹೈದರಾಲಿಯ ಹೆಸರನ್ನೇ ಇಟ್ಟಿದ್ದರು. 1782ರ ಏಪ್ರಿಲಿನಲ್ಲಿ ಆ ನೌಕೆ ಡೆಲವೇರ್ ಕೊಲ್ಲಿಯಲ್ಲಿ ಬ್ರಿಟಿಷರ 'ಜನರಲ್ ಮಂಕ್' ನೌಕೆಯನ್ನು ಹಿಡಿಯಿತು. ಯೂರೋಪಿನಲ್ಲಿ ಶಾಂತಿ ಆಯಿತು ಅಂತ ಸುದ್ದಿ ಬಂದ ಕೂಡಲೇ ಫ್ರೆಂಚರು ಇಲ್ಲಿ ಟಿಪ್ಪುವನ್ನು ಬಿಟ್ಟು ಹಿಂದೆ ಸರಿದರು. ಇನ್ನು ಯಾರ್ಕ್‌ಟೌನಿನಲ್ಲಿ ಸೋತ ಅದೇ ಕಾರ್ನ್‌ವಾಲಿಸ್ 1791ರಲ್ಲಿ ಬೆಂಗಳೂರು ಕೋಟೆ ಹಿಡಿದ. 1792ರಲ್ಲಿ ಶ್ರೀರಂಗಪಟ್ಟಣದಲ್ಲಿ ಟಿಪ್ಪುವಿನ ಅರ್ಧ ರಾಜ್ಯ ಕಿತ್ತುಕೊಂಡ. ಮೂರು ಕೋಟಿ ಮೂವತ್ತು ಲಕ್ಷ ರೂಪಾಯಿ ದಂಡ ಹಾಕಿ, ಇಬ್ಬರು ಮಕ್ಕಳನ್ನು ಒತ್ತೆ ಇಟ್ಟುಕೊಂಡ. ಒಬ್ಬನೇ ಮನುಷ್ಯ ನಮ್ಮ ಪುಸ್ತಕದ ಎರಡು ಪಾಠಗಳಲ್ಲಿ ಬರುತ್ತಾನೆ. ಅವನು ಒಬ್ಬನೇ ಅಂತ ಮಕ್ಕಳಿಗೆ ಹೇಳುವವರಿಲ್ಲ.

ಮತ್ತೆ ಪ್ಯಾರಿಸಿಗೆ ಹೋಗೋಣ. ಯುದ್ಧಕ್ಕೆ ಫ್ರಾನ್ಸ್ ನೂರು ಕೋಟಿ ಲಿವ್ರಿಗೂ ಜಾಸ್ತಿ ಸುರಿದಿತ್ತು. ಹೊಸ ಅಮೆರಿಕದ ಕೈಯಲ್ಲಿ ಕಾಸಿರಲಿಲ್ಲ. 1785ರಲ್ಲಿ ಅದು ಫ್ರಾನ್ಸಿಗೆ ಬಡ್ಡಿ ಕಟ್ಟುವುದನ್ನೂ ನಿಲ್ಲಿಸಿತು. ಹಣಕಾಸು ಮಂತ್ರಿ ಕಲೋನ್ ಜಮೀನಿದ್ದ ಎಲ್ಲರ ಮೇಲೂ ತೆರಿಗೆ ಹಾಕೋಣ ಅಂತ ಯೋಜನೆ ಮಾಡಿ, 1787ರಲ್ಲಿ ದೊಡ್ಡ ಮನುಷ್ಯರ ಸಭೆ ಕರೆದ. ದೊಡ್ಡ ಮನುಷ್ಯರು ಒಪ್ಪಲಿಲ್ಲ. ತೆರಿಗೆಯಿಂದ ಬಹುಮಟ್ಟಿಗೆ ತಪ್ಪಿಸಿಕೊಂಡಿದ್ದವರು ಅವರೇ ತಾನೇ. ಅಮೆರಿಕನ್ನರ ಪರ ಹೋರಾಡಿ ಅಲ್ಲಿಂದ ವೀರನಾಗಿ ವಾಪಸ್ ಬಂದಿದ್ದ ಫ್ರೆಂಚ್ ಸೇನಾಧಿಕಾರಿ ಲಾಫಾಯೆಟ್ ಆ ಸಭೆಯಲ್ಲಿ ಕೂತಿದ್ದ. ದೇಶದ ಪ್ರತಿನಿಧಿಗಳನ್ನೇ ಕರೆಯಿರಿ ಅಂತ ಬಾಯಿಬಿಟ್ಟವರಲ್ಲಿ ಅವನೂ ಒಬ್ಬ. 1788ರ ಹೊತ್ತಿಗೆ ಸರ್ಕಾರದ ಖರ್ಚಿನ ಸುಮಾರು ಅರ್ಧ ಬರೀ ಸಾಲಕ್ಕೆ ಹೋಗುತ್ತಿತ್ತು. ಆ ಜುಲೈಯಲ್ಲಿ ಆಲಿಕಲ್ಲು ಬಿದ್ದು ಬೆಳೆ ಹಾಳಾಯಿತು, ರೊಟ್ಟಿಯ ಬೆಲೆ ಏರತೊಡಗಿತು.

1788ರ ಆಗಸ್ಟ್ ತಿಂಗಳು. ಆ ತಿಂಗಳ 8ಕ್ಕೆ ರಾಜ ಎಸ್ಟೇಟ್ಸ್ ಜನರಲ್, ಅಂದರೆ ಪಾದ್ರಿಗಳು, ಶ್ರೀಮಂತರು, ಸಾಮಾನ್ಯರು ಈ ಮೂರೂ ವರ್ಗದ ಪ್ರತಿನಿಧಿಗಳ ಸಭೆಗೆ ದಿನ ಗೊತ್ತುಮಾಡಿದ. 16ಕ್ಕೆ ಖಜಾನೆ ಹಣ ಕೊಡುವುದನ್ನು ನಿಲ್ಲಿಸಿತು. ಅದೇ ತಿಂಗಳು ವರ್ಸೇಲ್ಸ್ ಅರಮನೆಯಲ್ಲಿ ಹದಿನಾರನೇ ಲೂಯಿ ವೈಭವದಿಂದ ಬರಮಾಡಿಕೊಂಡದ್ದು ಯಾರನ್ನು ಗೊತ್ತಾ? ಮೈಸೂರಿನಿಂದ ಸಮುದ್ರ ದಾಟಿ ಹೋಗಿದ್ದ ಟಿಪ್ಪುವಿನ ಮೂವರು ರಾಯಭಾರಿಗಳನ್ನು. ಸೈನ್ಯ ಕೊಡಿ ಅಂತ ಕೇಳಲು ಹೋಗಿದ್ದರು. ಮರ್ಯಾದೆ ಸಿಕ್ಕಿತು, ಉಡುಗೊರೆ ಸಿಕ್ಕಿತು. ಸೈನ್ಯ ಸಿಗಲಿಲ್ಲ. ನಮ್ಮ ಪುಸ್ತಕಗಳು "ಟಿಪ್ಪು ಫ್ರೆಂಚರ ನೆರವು ಕೋರಿದ" ಎನ್ನುತ್ತವೆ. ಯಾಕೆ ಸಿಗಲಿಲ್ಲ ಅನ್ನುವುದರ ದೊಡ್ಡ ಪಾಲು ಉತ್ತರ ಯಾರ್ಕ್‌ಟೌನಿನ ಬಿಲ್ಲಿನಲ್ಲಿದೆ.

ಮರು ವರ್ಷದ್ದು ನಿಮಗೆ ಗೊತ್ತಿರುವುದೇ. ಮೇ 5ಕ್ಕೆ ಎಸ್ಟೇಟ್ಸ್ ಜನರಲ್, ಜೂನ್ 20ಕ್ಕೆ ಟೆನಿಸ್ ಅಂಗಳದ ಪ್ರತಿಜ್ಞೆ, ಜುಲೈ 14ಕ್ಕೆ ಬಾಸ್ಟಿಲ್. ಜನ ಬಾಸ್ಟಿಲಿಗೆ ನುಗ್ಗಿದ್ದು ಮುಖ್ಯವಾಗಿ ಕೋವಿಮದ್ದಿಗೆ. ಒಳಗಿದ್ದ ಕೈದಿಗಳು ಏಳೇ ಮಂದಿ. ಆ ಕೋಟೆಯ ಬೀಗದ ಕೈಯನ್ನು ಲಾಫಾಯೆಟ್ ವಾಷಿಂಗ್ಟನ್ನಿಗೆ ಕಳಿಸಿದ. ಇವತ್ತಿಗೂ ಅದು ಇರುವುದು ಫ್ರಾನ್ಸಿನಲ್ಲಲ್ಲ, ವರ್ಜೀನಿಯಾದ ಮೌಂಟ್ ವರ್ನನ್ನಿನಲ್ಲಿ, ವಾಷಿಂಗ್ಟನ್ನನ ಮನೆಯಲ್ಲಿ. ಮಾನವ ಹಕ್ಕುಗಳ ಘೋಷಣೆಯ ಕರಡು ಬರೆಯುವಾಗ ಲಾಫಾಯೆಟ್ ಸಲಹೆ ಕೇಳಿದ್ದು ಆಗ ಪ್ಯಾರಿಸಿನಲ್ಲಿ ಅಮೆರಿಕದ ರಾಯಭಾರಿಯಾಗಿದ್ದ ಜೆಫರ್ಸನ್ನನನ್ನು. ಅದೇ ಜೆಫರ್ಸನ್ನನ ಮನೆಯಲ್ಲಿ ಅವನ ಗುಲಾಮ ಜೇಮ್ಸ್ ಹೆಮಿಂಗ್ಸ್ ಫ್ರೆಂಚ್ ಅಡುಗೆ ಕಲಿತು ಅಡುಗೆ ಮಾಡುತ್ತಿದ್ದ. ಅವನಿಗೆ ಬಿಡುಗಡೆ ಸಿಕ್ಕಿದ್ದು 1796ರಲ್ಲಿ. ಪ್ರಮುಖ ವ್ಯಕ್ತಿಗಳ ಪಟ್ಟಿಯಲ್ಲಿ ಜೆಫರ್ಸನ್ ಇರಲಿ. ಹೆಮಿಂಗ್ಸ್‌ಗೂ ಒಂದು ಸಾಲು ಕೊಡಿ ಅಂತ ಕೇಳುತ್ತೇನೆ.

ಗುಲಾಮರ ಮಾತು ಬಂತಲ್ಲ, ನಮ್ಮ ಪುಸ್ತಕಗಳ ದೊಡ್ಡ ಕೊರತೆ ಇರುವುದೇ ಅಲ್ಲಿ. ಅದು ಹೈಟಿ.

ಆಗ ಅದರ ಹೆಸರು ಸಾಂ-ದೊಮಿಂಗ್. ಕೆರಿಬಿಯನ್ ಸಮುದ್ರದ ಫ್ರೆಂಚ್ ವಸಾಹತು. ಯೂರೋಪ್ ಕುಡಿಯುತ್ತಿದ್ದ ಕಾಫಿಯಲ್ಲಿ ಅರ್ಧಕ್ಕೂ ಹೆಚ್ಚು ಅಲ್ಲಿಂದ ಬರುತ್ತಿತ್ತು. ಸಕ್ಕರೆಯೂ ರಾಶಿ ರಾಶಿ. ದುಡಿಯುತ್ತಿದ್ದವರು ಸುಮಾರು ಐದು ಲಕ್ಷ ಗುಲಾಮರು. 1791ರ ಆಗಸ್ಟಿನಲ್ಲಿ ಅವರು ತಿರುಗಿಬಿದ್ದರು. ಎಲ್ಲ ಮನುಷ್ಯರೂ ಸಮಾನರು ಎಂದು ಬರೆದುಕೊಂಡಿದ್ದ ಪ್ಯಾರಿಸ್, ಗುಲಾಮಗಿರಿ ರದ್ದು ಮಾಡಲು 1794ರವರೆಗೆ ಕಾಯಿತು. ಅದೂ ದಂಗೆ ಎದ್ದವರು ಆಗಲೇ ಅದನ್ನು ಕೈಯಾರೆ ಮುರಿದ ಮೇಲೆ. 1802ರಲ್ಲಿ ನೆಪೋಲಿಯನ್ ಫ್ರೆಂಚ್ ವಸಾಹತುಗಳಲ್ಲಿ ಗುಲಾಮಗಿರಿಗೆ ಮತ್ತೆ ಕಾನೂನಿನ ಬಲ ಕೊಟ್ಟ. ತನ್ನ ತಂಗಿಯ ಗಂಡ ಲೆಕ್ಲೆರ್ಕ್‌ನನ್ನು ದೊಡ್ಡ ಸೈನ್ಯದ ಜತೆ ಸಾಂ-ದೊಮಿಂಗಿಗೆ ಕಳಿಸಿದ. ಅಲ್ಲಿನ ನಾಯಕ ತೂಸಾಂ ಲೂವರ್ತೂರನನ್ನು ಮೋಸದಿಂದ ಹಿಡಿದು ಫ್ರಾನ್ಸಿನ ಬೆಟ್ಟದ ಕೋಟೆಯಲ್ಲಿ ಕೂಡಿಹಾಕಿದರು. 1803ರ ಏಪ್ರಿಲಿನಲ್ಲಿ, ಚಳಿಯ ಆ ಜೈಲಿನಲ್ಲೇ ಅವನು ತೀರಿಕೊಂಡ. ಆದರೆ ದ್ವೀಪದಲ್ಲಿ ಫ್ರೆಂಚ್ ಸೈನ್ಯ ಕರಗುತ್ತಿತ್ತು. ಒಂದು ಕಡೆ ದಂಗೆಕೋರರು, ಇನ್ನೊಂದು ಕಡೆ ಹಳದಿ ಜ್ವರ. ಲೆಕ್ಲೆರ್ಕ್ ಕೂಡ ಜ್ವರಕ್ಕೇ ಸತ್ತ.

ಈಗ ಅಮೆರಿಕದ ಪಾಠಕ್ಕೆ ಬನ್ನಿ. "1803ರಲ್ಲಿ ಅಮೆರಿಕ ಲೂಸಿಯಾನವನ್ನು ಖರೀದಿಸಿತು." ಒಂದು ಅಂಕದ ಉತ್ತರ. ಆದರೆ ನೆಪೋಲಿಯನ್ ಯಾಕೆ ಮಾರಿದ? ಸಾಂ-ದೊಮಿಂಗಿನ ಸಕ್ಕರೆ ತೋಟಗಳಿಗೆ ಊಟ ಒದಗಿಸಲು ಅವನಿಗೆ ಲೂಸಿಯಾನ ಬೇಕಿತ್ತು. ದ್ವೀಪವೇ ಕೈತಪ್ಪಿದ ಮೇಲೆ ಅದನ್ನಿಟ್ಟುಕೊಂಡು ಏನು ಮಾಡುವುದು? ಬ್ರಿಟನ್ ಜತೆ ಮತ್ತೆ ಯುದ್ಧ ಬರುವುದರಲ್ಲಿತ್ತು, ದುಡ್ಡು ಬೇಕಿತ್ತು. ಜೆಫರ್ಸನ್ನನ ಜನ ನ್ಯೂ ಆರ್ಲಿಯನ್ಸ್ ಊರಿನ ಮಾತಾಡಲು ಹೋಗಿದ್ದರು. ಪೂರ್ತಿ ಲೂಸಿಯಾನಕ್ಕೆ ಎಷ್ಟು ಕೊಡುತ್ತೀರಿ ಅಂತ ಫ್ರೆಂಚರೇ ಕೇಳಿದರು. ಒಟ್ಟು ಒಂದೂವರೆ ಕೋಟಿ ಡಾಲರಿಗೆ ಸುಮಾರು 21 ಲಕ್ಷ ಚದರ ಕಿಲೋಮೀಟರ್ ಜಾಗ. ಹನ್ನೊಂದು ಕರ್ನಾಟಕಗಳಷ್ಟು! ಇದಕ್ಕೆ ಹಣ ಹೊಂದಿಸಿದ ಬ್ಯಾಂಕುಗಳಲ್ಲಿ ಲಂಡನ್ನಿನ ಬೇರಿಂಗ್ ಕೂಡ ಒಂದು. ಅಂದರೆ ಬ್ರಿಟನ್ ಮೇಲೆ ಯುದ್ಧ ಹೂಡುವವನಿಗೆ ಬ್ರಿಟಿಷ್ ಬ್ಯಾಂಕೇ ದುಡ್ಡು ಎತ್ತಿಕೊಟ್ಟಿತು. ಮಾರಿದ ಜಾಗದ ತುಂಬ ಮೂಲನಿವಾಸಿಗಳಿದ್ದರು. ಅವರನ್ನು ಯಾರೂ ಕೇಳಲಿಲ್ಲ.

ನನಗೆ ಈ ಕಥೆಯಲ್ಲಿ ತಡೆದುಕೊಳ್ಳಲಾಗದ ಸಂಗತಿ ಇನ್ನೊಂದು. ಗುಲಾಮಗಿರಿಯ ವಿರುದ್ಧ ಎದ್ದು ನಿಂತು ಫ್ರೆಂಚ್ ಸೈನ್ಯವನ್ನು ಸೋಲಿಸಿದವರು ಹೈಟಿಯ ಜನ. ಅವರ ಗೆಲುವಿನಿಂದ ಅಮೆರಿಕದ ಕೈಗೆ ಬಂದ ಜಾಗದ ದಕ್ಷಿಣ ಭಾಗದಲ್ಲಿ ಹೊಸದಾಗಿ ಗುಲಾಮರ ತೋಟಗಳು ಎದ್ದವು. ಹೊಸ ರಾಜ್ಯಗಳಲ್ಲಿ ಗುಲಾಮಗಿರಿ ಇರಬೇಕೋ ಬೇಡವೋ ಅನ್ನುವ ಜಗಳವೇ ಬೆಳೆದು 1861ರ ಅಂತರ್ಯುದ್ಧದವರೆಗೆ ಹೋಯಿತು.

1804ರ ಜನವರಿ 1ಕ್ಕೆ ಹೈಟಿ ಸ್ವತಂತ್ರವಾಯಿತು. 1825ರಲ್ಲಿ ಫ್ರಾನ್ಸಿನ ರಾಜ ಹತ್ತನೇ ಚಾರ್ಲ್ಸ್ ಯುದ್ಧನೌಕೆಗಳ ಜತೆ ಒಂದು ಆಜ್ಞೆ ಕಳಿಸಿದ: ನಿಮ್ಮ ಸ್ವಾತಂತ್ರ್ಯ ಒಪ್ಪಬೇಕಾದರೆ 15 ಕೋಟಿ ಫ್ರಾಂಕ್ ಕೊಡಿ. ಯಾರಿಗೆ ಪರಿಹಾರ? ಗುಲಾಮರನ್ನು ಕಳೆದುಕೊಂಡ ಒಡೆಯರಿಗೆ! ಮೊದಲ ಕಂತು ಕಟ್ಟಲು ಹೈಟಿ ಫ್ರೆಂಚ್ ಬ್ಯಾಂಕಿನಲ್ಲೇ ಸಾಲ ಮಾಡಬೇಕಾಯಿತು. 1838ರಲ್ಲಿ ಮೊತ್ತ ಒಟ್ಟು 9 ಕೋಟಿಗೆ ಇಳಿಯಿತು. ಆದರೆ ಸಾಲದ ಮೇಲೆ ಸಾಲ ಬೆಳೆಯಿತು. ಅಮೆರಿಕವಂತೂ 1862ರವರೆಗೆ ಹೈಟಿಯನ್ನು ದೇಶವೆಂದೇ ಒಪ್ಪಲಿಲ್ಲ. 1914ರ ಡಿಸೆಂಬರಿನಲ್ಲಿ ಅಮೆರಿಕದ ಸೈನಿಕರು ಹೈಟಿಯ ಬ್ಯಾಂಕಿನಿಂದ ಐದು ಲಕ್ಷ ಡಾಲರ್ ಚಿನ್ನವನ್ನು ನೌಕೆಗೆ ಹಾಕಿಕೊಂಡು ನ್ಯೂಯಾರ್ಕಿಗೆ ಒಯ್ದರು. ಮರು ವರ್ಷ ದೇಶವನ್ನೇ ಹಿಡಿದು 1934ರವರೆಗೆ ಕೂತರು. 2025ರ ಏಪ್ರಿಲ್ 17, ಚಾರ್ಲ್ಸ್‌ನ ಆಜ್ಞೆಗೆ ಇನ್ನೂರು ವರ್ಷ ತುಂಬಿದ ದಿನ, ಅಧ್ಯಕ್ಷ ಮ್ಯಾಕ್ರಾನ್ ಈ ಚರಿತ್ರೆ ನೋಡಲು ಎರಡೂ ದೇಶಗಳ ಇತಿಹಾಸಕಾರರ ಆಯೋಗವೊಂದನ್ನು ಘೋಷಿಸಿದರು. ಫ್ರಾನ್ಸೇ ಈಗ ಓದಲು ಕೂತಿದೆ. ನಮ್ಮ ಪುಸ್ತಕದಲ್ಲಿ ಹೈಟಿಗೆ ಅರ್ಧ ಪುಟ ಕೊಡಬಾರದೇ?

19ನೇ ಶತಮಾನದ ಉಳಿದದ್ದನ್ನು ಬೇಗ ದಾಟುತ್ತೇನೆ. ಸ್ವಾತಂತ್ರ್ಯ ದೇವಿಯ ಪ್ರತಿಮೆ ಫ್ರಾನ್ಸಿನ ಉಡುಗೊರೆ ಅಂತ ಎಲ್ಲರಿಗೂ ಗೊತ್ತು. ಅದರ ಒಳಗಿನ ಕಬ್ಬಿಣದ ಚೌಕಟ್ಟು ಮಾಡಿದವನು ಐಫೆಲ್ ಅನ್ನುವುದು ಕ್ವಿಜ್‌ಗೆ ಸಾಕು.

20ನೇ ಶತಮಾನಕ್ಕೆ ನಾನು ಕೇಳುವುದು ಒಂದೇ ಊರು: ವರ್ಸೇಲ್ಸ್. ಪ್ರಶ್ನೆಪತ್ರಿಕೆಯಲ್ಲಿ ಅದರ ಮುಂದೆ 1919 ಅಂತ ಬರೆದರೆ ಅಂಕ. ಆದರೆ 1871ರಲ್ಲಿ ಜರ್ಮನ್ ಸಾಮ್ರಾಜ್ಯದ ಘೋಷಣೆ ಆದದ್ದೂ ಅದೇ ಅರಮನೆಯ ಕನ್ನಡಿ ಮಂಟಪದಲ್ಲಿ. 1919ರ ಜೂನ್ 28ಕ್ಕೆ ಜರ್ಮನಿಯಿಂದ ಅಲ್ಲೇ ಸಹಿ ಹಾಕಿಸಿದ್ದು ಬೇಕೆಂದೇ. ಅಮೆರಿಕದ ಅಧ್ಯಕ್ಷ ವಿಲ್ಸನ್ ತಾನು ಕಟ್ಟಿದ ಒಪ್ಪಂದವನ್ನು ಹಿಡಿದು ಊರಿಗೆ ಹೋದ, ಅಮೆರಿಕದ ಸೆನೆಟ್ ಒಪ್ಪಲೇ ಇಲ್ಲ. ಮೊದಲ ಮಹಾಯುದ್ಧಕ್ಕೆ ಫ್ರಾನ್ಸಿಗೆ ಕೊಟ್ಟ ಸಾಲವನ್ನು ಮಾತ್ರ ಅಮೆರಿಕ ಬಿಡಲಿಲ್ಲ. 1932ರ ಡಿಸೆಂಬರಿನಲ್ಲಿ ಕಂತು ಕಟ್ಟೋಣ ಎಂದ ಪ್ರಧಾನಿ ಎರಿಯೋನ ಸರ್ಕಾರವನ್ನೇ ಫ್ರೆಂಚ್ ಸಂಸತ್ತು ಬೀಳಿಸಿತು, ಕಂತು ಕಟ್ಟಲಿಲ್ಲ. ಅಮೆರಿಕ ಫ್ರಾನ್ಸಿಗೆ ಬಡ್ಡಿ ನಿಲ್ಲಿಸಿದ 1785 ನೆನಪಾಗುತ್ತದೆ ನನಗೆ.

ಆ 1919ರಲ್ಲೇ ಪ್ಯಾರಿಸಿನಲ್ಲಿದ್ದ ವಿಯೆಟ್ನಾಮಿನ ಕೆಲವರು ತಮ್ಮ ದೇಶದವರಿಗೂ ಹಕ್ಕು ಕೊಡಿ ಅಂತ ಶಾಂತಿ ಸಮ್ಮೇಳನಕ್ಕೆ ಮನವಿ ಕೊಟ್ಟರು. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಮನವಿಯ ಕೆಳಗೆ ಇದ್ದ ಹೆಸರು ನ್ಗುಯೆನ್ ಐ ಕ್ವೋಕ್. ಮುಂದೆ ಜಗತ್ತು ಅವನನ್ನು ಕರೆದದ್ದು ಹೊ ಚಿ ಮಿನ್ ಎಂದು. 1945ರ ಸೆಪ್ಟೆಂಬರ್ 2ಕ್ಕೆ ಹನೋಯಿಯ ಬಾ ದಿನ್ ಮೈದಾನದಲ್ಲಿ ಅವನು ಸ್ವಾತಂತ್ರ್ಯ ಘೋಷಿಸಿದ. ಭಾಷಣ ಶುರು ಮಾಡಿದ್ದೇ 1776ರ ಅಮೆರಿಕನ್ ಘೋಷಣೆಯ ಮಾತಿನಿಂದ. ಅದರ ಬೆನ್ನಿಗೇ ಫ್ರಾನ್ಸಿನ ಮಾನವ ಹಕ್ಕುಗಳ ಘೋಷಣೆ. ಇಬ್ಬರ ಮಾತನ್ನೂ ಇಬ್ಬರ ಮುಂದೆಯೇ ಇಟ್ಟ. ಉತ್ತರ ಏನು ಬಂತು? ಫ್ರಾನ್ಸ್ ಸೈನ್ಯ ಕಳಿಸಿತು. ಅಮೆರಿಕ ಆ ಯುದ್ಧದ ಖರ್ಚಿನ ಬಹುಪಾಲು ಹೊತ್ತುಕೊಂಡಿತು. 1778ರಲ್ಲಿ ಫ್ರೆಂಚ್ ದುಡ್ಡು ಅಮೆರಿಕದ ವಸಾಹತುಗಳನ್ನು ಬಿಡಿಸಿತ್ತು, ಈಗ ಅಮೆರಿಕದ ದುಡ್ಡು ಫ್ರೆಂಚ್ ವಸಾಹತನ್ನು ಉಳಿಸಲು ಹೋಯಿತು.

1954ರ ಮೇ 7ಕ್ಕೆ ವಿಯೆಟ್ನಾಮಿನಲ್ಲಿದ್ದ ಫ್ರೆಂಚರ ಸೇನಾ ನೆಲೆ ಡಿಯನ್ ಬಿಯನ್ ಫು ಬಿತ್ತು. ಜಿನೀವಾದಲ್ಲಿ 17ನೇ ಅಕ್ಷಾಂಶದ ಹತ್ತಿರ ದೇಶಕ್ಕೆ ತಾತ್ಕಾಲಿಕ ಗೆರೆ ಎಳೆದರು. ಒಪ್ಪಂದ ಪಾಲನೆ ನೋಡಿಕೊಳ್ಳುವ ಆಯೋಗಕ್ಕೆ ಅಧ್ಯಕ್ಷತೆ ವಹಿಸಿದ್ದು ನಮ್ಮ ದೇಶ. 1956ರಲ್ಲಿ ಆಗಬೇಕಿದ್ದ ಚುನಾವಣೆ ಆಗಲಿಲ್ಲ. ಫ್ರೆಂಚರು ಬಿಟ್ಟುಹೋದ ಜಾಗದಲ್ಲಿ ಅಮೆರಿಕ ಬಂದು ಕೂತಿತು. 1975ರ ಏಪ್ರಿಲ್ 30ಕ್ಕೆ ದಕ್ಷಿಣ ವಿಯೆಟ್ನಾಮಿನ ರಾಜಧಾನಿ ಸೈಗಾನ್ ಬೀಳುವ ಹೊತ್ತಿಗೆ 58 ಸಾವಿರಕ್ಕೂ ಹೆಚ್ಚು ಅಮೆರಿಕನ್ ಸೈನಿಕರು ಸತ್ತಿದ್ದರು. ವಿಯೆಟ್ನಾಮಿನವರ ಲೆಕ್ಕ ಲಕ್ಷಗಳಲ್ಲಿ. ವಿಯೆಟ್ನಾಂ ಯುದ್ಧವನ್ನು ಬರೀ 'ಶೀತಲ ಸಮರ'ದ ಕೆಳಗೆ ಹಾಕಿದರೆ ಇದರ ಅರ್ಧವೂ ಮಕ್ಕಳಿಗೆ ಸಿಗುವುದಿಲ್ಲ.

ಎರಡನೇ ಮಹಾಯುದ್ಧದ ಮೇಲೆ ಅಮೆರಿಕ ಯೂರೋಪಿಗೆ ನೆರವು ಕೊಟ್ಟ ಮಾರ್ಷಲ್ ಯೋಜನೆ ಬಗ್ಗೆ ಜಾಸ್ತಿ ಹೇಳುವುದಿಲ್ಲ, ಅದನ್ನು ನೀವು ಚೆನ್ನಾಗೇ ಬರೆಯುತ್ತೀರಿ. 1948ರಿಂದ ಸುಮಾರು 1300 ಕೋಟಿ ಡಾಲರ್, ಬ್ರಿಟನ್ ಬಿಟ್ಟರೆ ಜಾಸ್ತಿ ಪಾಲು ಫ್ರಾನ್ಸಿಗೆ. ಅಷ್ಟು ಪಡೆದ ಫ್ರಾನ್ಸ್ 1966ರಲ್ಲಿ ನ್ಯಾಟೋದ ಸೇನಾ ವ್ಯವಸ್ಥೆಯಿಂದ ಯಾಕೆ ಹೊರಬಂತು, ಅದರ ಅಧ್ಯಕ್ಷ ಡಿ ಗಾಲ್ ಡಾಲರ್ ಕೊಟ್ಟು ಚಿನ್ನ ಯಾಕೆ ಕೇಳಿದ ಅನ್ನುವುದನ್ನು ಮುಂದಿನ ಸಾಲಿನಲ್ಲೇ ಸೇರಿಸಿದರೆ ಸಾಕು. 1940ರಲ್ಲಿ ಜರ್ಮನಿಗೆ ಸೋತ ಮೇಲೆ ಫ್ರಾನ್ಸಿನಲ್ಲಿ ಬಂದ ವಿಶಿ ಸರ್ಕಾರದ ಬಗ್ಗೆ ಮಾತ್ರ ಒಂದು ತಕರಾರಿದೆ. "ಜರ್ಮನಿಯ ಕೈಗೊಂಬೆ" ಅಂತ ಬರೆದು ಮುಗಿಸಬೇಡಿ. 1942ರ ಜುಲೈಯಲ್ಲಿ ಪ್ಯಾರಿಸಿನಲ್ಲಿ ಸುಮಾರು 13 ಸಾವಿರ ಯೆಹೂದಿಗಳನ್ನು, ಮಕ್ಕಳನ್ನೂ ಸೇರಿಸಿ, ಮನೆಮನೆಗೆ ಹೋಗಿ ಹಿಡಿದವರು ಫ್ರೆಂಚ್ ಪೊಲೀಸರು. ಅದನ್ನು ದೇಶದ ಅಧ್ಯಕ್ಷರೊಬ್ಬರು ತಮ್ಮ ದೇಶದ ಹೊಣೆ ಎಂದು ಒಪ್ಪಲು 1995ರವರೆಗೆ ಬೇಕಾಯಿತು. ಒಪ್ಪಿದವರು ಶಿರಾಕ್.

ಹೆಣ್ಣುಮಕ್ಕಳೇ ಜಾಸ್ತಿ ಇರುವ ನನ್ನ ಕ್ಲಾಸಿಗೆ ಇನ್ನೊಂದು ಬೇಕು. 1791ರಲ್ಲೇ ಮಹಿಳೆಯರ ಹಕ್ಕುಗಳ ಘೋಷಣೆ ಬರೆದ ಒಲಿಂಪ್ ದ ಗೂಜ್ ಎಂಬಾಕೆಯನ್ನು 1793ರಲ್ಲಿ ಗಿಲೊಟಿನ್‌ಗೆ (ತಲೆ ಕಡಿಯುವ ಯಂತ್ರ) ಕೊಟ್ಟರು. ಅಮೆರಿಕದ ಸಂವಿಧಾನದಲ್ಲಿ ಹೆಂಗಸರ ಮತದ ಹಕ್ಕು ಬಂದದ್ದು 1920ಕ್ಕೆ. ಸಮಾನತೆಯ ತವರು ಅಂತ ನಾವು ಕಲಿಸುವ ಫ್ರಾನ್ಸಿನಲ್ಲಿ ಹೆಂಗಸರು ಮೊದಲ ಸಲ ಮತ ಹಾಕಿದ್ದು 1945ರ ಏಪ್ರಿಲಿನಲ್ಲಿ!

"ಇಷ್ಟೆಲ್ಲ ಸೇರಿಸಿದರೆ ಸಿಲಬಸ್ ಮುಗಿಯುತ್ತಾ ಮೇಷ್ಟ್ರೇ?" ಅಂತ ಕೇಳುತ್ತೀರಿ. ನ್ಯಾಯವಾದ ಪ್ರಶ್ನೆ. ನಾನೂ ಜನವರಿಯಲ್ಲಿ ಪಾಠ ಓಡಿಸುವವನೇ. ಆದ್ದರಿಂದ ಸೇರಿಸುವುದಕ್ಕಿಂತ ಕಳೆಯುವುದನ್ನೇ ಮೊದಲು ಕೇಳುತ್ತೇನೆ. ನೆಪೋಲಿಯನ್ನನ ಯುದ್ಧಗಳ ಪಟ್ಟಿ ಕಳೆಯಿರಿ. ಹದಿಮೂರು ವಸಾಹತುಗಳ ಹೆಸರನ್ನು ಬಾಯಿಪಾಠ ಮಾಡಿಸುವುದು ಬೇಡ. ಎರಡು ಪಾಠಗಳನ್ನು ಒಂದು ಮಾಡಿದರೆ ಪೀಠಿಕೆಯ ಪುಟಗಳೂ ಉಳಿಯುತ್ತವೆ. ಉಳಿದ ಜಾಗಕ್ಕೆ ಹೈಟಿ ಬರಲಿ, 1788ರ ಆಗಸ್ಟ್ ಬರಲಿ.

ಪ್ರಶ್ನೆಪತ್ರಿಕೆ ತೆಗೆಯುವವರಿಗೆ ನನ್ನ ಕಡೆಯಿಂದ ಮೂರು ಮಾದರಿ. ಒಂದು: ಯಾರ್ಕ್‌ಟೌನಿನ ಗೆಲುವಿಗೂ ಬಾಸ್ಟಿಲ್ ಪತನಕ್ಕೂ ಇರುವ ಸಂಬಂಧವನ್ನು ವಿವರಿಸಿ. ಎರಡು: ನೆಪೋಲಿಯನ್ ಲೂಸಿಯಾನವನ್ನು ಮಾರಲು ಹೈಟಿಯ ಜನ ಹೇಗೆ ಕಾರಣರಾದರು? ಮೂರು: 1788ರಲ್ಲಿ ಟಿಪ್ಪುವಿನ ರಾಯಭಾರಿಗಳು ಬರಿಗೈಯಲ್ಲಿ ಮರಳಿದ್ದು ಯಾಕೆ? ತಲಾ ನಾಲ್ಕು ಅಂಕ. 'ಹೊಂದಿಸಿ ಬರೆಯಿರಿ'ಯನ್ನು ತೆಗೆಯಬೇಡಿ, ಅದರಿಂದಲೇ ಪಾಸಾಗುವ ಮಕ್ಕಳಿದ್ದಾರೆ. ಅದರ ಪಕ್ಕದಲ್ಲಿ ಇಂಥ ಒಂದೇ ಒಂದು ಪ್ರಶ್ನೆ ಇರಲಿ.

ಮೌಲ್ಯಮಾಪನಕ್ಕೆ ಕಳಿಸುವ ಮಾದರಿ ಉತ್ತರದ ಹಾಳೆಯಲ್ಲೂ ಒಂದು ಸಾಲು ಬೇಕು. ಮೂರನೇ ಪ್ರಶ್ನೆಗೆ ಒಬ್ಬಳು "ಫ್ರೆಂಚ್ ಖಜಾನೆ ಖಾಲಿ" ಎಂದು ಬರೆಯಬಹುದು. ಇನ್ನೊಬ್ಬ "ಬ್ರಿಟನ್ ಜತೆ ಆಗ ತಾನೇ ಶಾಂತಿ ಆಗಿತ್ತು, ಕೆಡಿಸಿಕೊಳ್ಳಲು ರಾಜನಿಗೆ ಮನಸ್ಸಿರಲಿಲ್ಲ" ಎಂದು ಬರೆಯಬಹುದು. ಕಾರಣ ಕೊಟ್ಟು ಬರೆದಿದ್ದರೆ ಇಬ್ಬರಿಗೂ ಪೂರ್ತಿ ಅಂಕ ಕೊಡಿ ಎಂದು ಅಲ್ಲಿ ಸ್ಪಷ್ಟವಾಗಿ ಬರೆದಿರಬೇಕು. ಇಲ್ಲದಿದ್ದರೆ ಹಾಳೆಯಲ್ಲಿ ಇರುವ ವಾಕ್ಯವನ್ನೇ ಹುಡುಕುವವರ ಕೈಗೆ ಉತ್ತರ ಪತ್ರಿಕೆ ಸಿಕ್ಕಿ, ಯೋಚಿಸಿ ಬರೆದ ಮಗುವಿಗೇ ಸೊನ್ನೆ ಬೀಳುತ್ತದೆ.

ಇತಿ ನಿಮ್ಮ ವಿಶ್ವಾಸಿ,
ಒಬ್ಬ ಸಮಾಜ ವಿಜ್ಞಾನದ ಮೇಷ್ಟ್ರು